ಕ್ಲೌನ್ ಫಿಶ್ ಬಣ್ಣ ಮಾಸಿದ ಕೂಡ್ಲೇ ಔಷಧಿ ಸುರೀಬೇಡಿ

ಸಂಪಾದಕರೇ,

ಹೋದ ಭಾನುವಾರದ ಪುರವಣೀಲಿ ಅಕ್ವೇರಿಯಂ ಬಗ್ಗೆ ಬಂದ ಲೇಖನ ಓದ್ದೆ. ಕ್ಲೌನ್ ಫಿಶ್ (ಕಿತ್ತಳೆ ಮೈಮೇಲೆ ಬಿಳಿ ಪಟ್ಟೆ ಇರೋ ಪುಟ್ಟ ಸಮುದ್ರ ಮೀನು) ಬಣ್ಣ ಮಾಸಿದ್ರೆ ಕಾಯಿಲೆ, ತಕ್ಷಣ ಔಷಧಿ ಹಾಕಿ ಅಂತ ಒಂದೇ ಸಾಲಲ್ಲಿ ಬರ್ದುಬಿಟ್ಟಿದೀರ. ಓದಿ ಹೊಟ್ಟೆ ಉರೀತು, ಯಾಕಂದ್ರೆ ಎರಡು ವರ್ಷದ ಹಿಂದೆ ನಾನೂ ಅದನ್ನೇ ಮಾಡಿ ಕೈ ಸುಟ್ಕೊಂಡಿದೀನಿ.

ಒಂದಿನ ರಾತ್ರಿ ನೀರು ಕುಡಿಯೋಕೆ ಎದ್ದವನು ಮೊಬೈಲ್ ಟಾರ್ಚ್ ಬಿಟ್ಟು ಟ್ಯಾಂಕ್ ನೋಡ್ದೆ, ಸಂಜೆ ಕಿತ್ತಳೆ ಸಿಪ್ಪೆ ತರ ಹೊಳೀತಿದ್ದ ಮೀನು ಪೇಲವ ಆಗಿ ಮೂಲೇಲಿ ವಾಲ್ಕೊಂಡು ನಿಂತಿದೆ. ಬೆಳಗ್ಗೆ ಬಣ್ಣ ಸುಮಾರಾಗಿ ವಾಪಸ್ ಬಂದಿತ್ತು, ಆದ್ರೂ ಹೆದರಿಕೆ ಹೋಗಿರ್ಲಿಲ್ಲ, ಅಂಗಡಿಗೆ ಓಡ್ದೆ. ನೀರು ಟೆಸ್ಟ್ ಮಾಡಿದ್ರಾ, ಮೀನು ತಿಂತಿದ್ಯಾ ಅಂತ ಒಂದು ಮಾತೂ ಕೇಳ್ದೆ ನೀಲಿ ಔಷಧಿ ಕೈಗಿಟ್ರು. ಅದು ತಾಮ್ರದ ಔಷಧಿ. ನಮ್ಮೂರಲ್ಲಿ ಅಡಿಕೆ ಕೊಳೆರೋಗಕ್ಕೆ ಹೊಡೆಯೋ ಮೈಲುತುತ್ತದಲ್ಲಿರೋದೂ ತಾಮ್ರಾನೇ, ಸಿಗಡಿಗೆ, ಅನಿಮೋನ್‌ಗೆ (ಈ ಮೀನು ಮನೆ ಮಾಡ್ಕೊಳೋ, ಹೂವಿನ ತರ ಕಾಣೋ ಸಮುದ್ರ ಜೀವಿ) ಅದು ವಿಷ. ಮಾರನೇ ದಿನ ನನ್ನ ಎರಡು ಸಿಗಡಿ ಅಂಗಾತ ಬಿದ್ದಿದ್ವು, ಆ ವಾರದಲ್ಲೇ ಅನಿಮೋನ್ ಕರಗಿ ಲೋಳೆ ಆಯ್ತು. ಮೀನಿಗೆ ಏನೂ ಆಗಿರ್ಲಿಲ್ಲ, ರಾತ್ರಿ ಹೊತ್ತು ಈ ಮೀನುಗಳ ಬಣ್ಣ ಇಳಿಯೋದು ಸಹಜ ಅಷ್ಟೇ.

ತಿಂಗಳುಗಟ್ಟಲೆ ನಿಧಾನಕ್ಕೆ ಕಿತ್ತಳೆ ಹೋಗಿ ಹಳದಿ ಆಗ್ತಾ ಬಂದ್ರೆ ಮೊದ್ಲು ಊಟ ನೋಡಿ. ಆ ಬಣ್ಣ ಕೊಡೋ ಕ್ಯಾರೊಟಿನಾಯ್ಡ್‌ನ ಮೀನು ತಾನೇ ತಯಾರಿಸ್ಕೊಳಲ್ಲ, ತಿಂದಿದ್ರಿಂದಾನೇ ಬರ್ಬೇಕು, ನಾಟಿ ಕೋಳಿ ಸೊಪ್ಪು ಸದೆ ಮೇಯ್ದು ಮೊಟ್ಟೆ ಹಳದಿ ಗಾಢ ಆಗುತ್ತಲ್ಲ ಹಾಗೆ. ಬರೀ ಅಗ್ಗದ ಒಣ ಫುಡ್ ಹಾಕ್ತಿದ್ದವನು ಸಿಗಡಿ, ಅಸ್ಟಾಕ್ಸಾಂಥಿನ್ ಅನ್ನೋ ಕ್ಯಾರೊಟಿನಾಯ್ಡ್ ಇರೋ ಫುಡ್ ಶುರು ಮಾಡಿದ್ಮೇಲೆ ನನ್ನ ಮೀನಿನ ಬಣ್ಣ ಕಣ್ಣಿಗೆ ಕಾಣೋ ಹಾಗೆ ಏರ್ತು. ಇನ್ನು ಹೊಸ ಕೋರಲ್‌ನಲ್ಲೋ ಅನಿಮೋನ್‌ನಲ್ಲೋ ಮನೆ ಮಾಡ್ಕೊಂಡ ಮೀನಿನ ಮೈಮೇಲೆ ಕಪ್ಪು ಮಚ್ಚೆ ಬಂದು ಎಷ್ಟೋ ಸಲ ತಾನಾಗೇ ಹೋಗುತ್ತೆ. ಇರೋ ಜಾಗಕ್ಕೂ ಬಣ್ಣಕ್ಕೂ ಇರೋ ನಂಟು ದೊಡ್ಡದು ಸಾರ್, ಪಪುವಾ ನ್ಯೂಗಿನಿಯ ಕಿಂಬೆ ಕೊಲ್ಲಿಯಲ್ಲಿ ಮರಿಗಳ ಬಿಳಿ ಪಟ್ಟೆ ಒಂದು ಜಾತಿ ಅನಿಮೋನ್‌ನಲ್ಲಿ ಬೇಗ, ಇನ್ನೊಂದ್ರಲ್ಲಿ ನಿಧಾನಕ್ಕೆ ಮೂಡುತ್ತೆ, ಅದಕ್ಕೆ ಥೈರಾಯ್ಡ್ ಹಾರ್ಮೋನ್ ಕಾರಣ ಅಂತ 2021ರಲ್ಲಿ ವಿಜ್ಞಾನಿಗಳು ತೋರಿಸಿದಾರೆ.

ನಿಜವಾಗ್ಲೂ ಗಾಬರಿ ಆಗ್ಬೇಕಾದ್ದು ಬೇರೆ. ಮೈಮೇಲೆ ಬಿಳಿ ಲೋಳೆ ಕಟ್ಟಿ ಪೊರೆ ಪೊರೆಯಾಗಿ ಬಿಡ್ತಾ, ಮೀನು ಊಟ ಬಿಟ್ಟು ಏದುಸಿರು ಬಿಡ್ತಿದ್ರೆ ಅದು ಬ್ರೂಕ್ಲಿನೆಲ್ಲಾ ಅನ್ನೋ ಪರಾವಲಂಬಿ ಜೀವಿಯಿಂದ ಬರೋ ಕಾಯಿಲೆ ಇರಬಹುದು, ತಡ ಮಾಡಿದ್ರೆ ಒಂದೆರಡು ದಿನದಲ್ಲೇ ಮೀನು ಹೋಗುತ್ತೆ. ಉಪ್ಪಿನ ಕಾಳು ಉದುರಿಸಿದ ಹಾಗೆ ಚುಕ್ಕಿ ಇದ್ರೆ ಇನ್ನೊಂದು ಕಾಯಿಲೆ, ಅದಕ್ಕೆ ತಾಮ್ರ ಕೆಲಸ ಮಾಡುತ್ತೆ, ಆದ್ರೆ ಬೇರೆ ಟ್ಯಾಂಕಲ್ಲಿ, ಅಳತೆ ನೋಡಿ ಹಾಕ್ಬೇಕು. ಏನೇ ಇರ್ಲಿ, ಮೊದ್ಲು ನೀರಲ್ಲಿ ಅಮೋನಿಯಾ (ಮೀನಿನ ಗಲೀಜಿಂದ ಸೇರೋ ವಿಷ) ಎಷ್ಟಿದೆ ಅಂತ ಟೆಸ್ಟ್ ಮಾಡಿ, ಅದು ಸೊನ್ನೆ ಇರ್ಲೇಬೇಕು.

ಅಂಗಡಿಯವ್ರಿಗೂ ಒಂದು ಮಾತು, ಮೀನು ಸಾಕಣೆ ಕೇಂದ್ರದ್ದಾ ಸಮುದ್ರದಿಂದ ಹಿಡಿದದ್ದಾ, ಇಲ್ಲಿ ತನಕ ಏನು ತಿಂತಿತ್ತು ಅಂತ ಒಂದು ಚೀಟಿ ಬರ್ದು ಕೊಡಿ. ನಮ್ಮ ದೇಶದ ಸಿಎಂಎಫ್‌ಆರ್‌ಐ (ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆ) ವಿಜ್ಞಾನಿಗಳೇ ಇವನ್ನ ತೊಟ್ಟೀಲಿ ಮರಿ ಮಾಡ್ಸೋದು ತೋರಿಸಿಕೊಟ್ಟಿದಾರೆ, ಹವಳದ ದಿಬ್ಬದಿಂದ ಹಿಡಿದು ತರೋ ಅಗತ್ಯಾನೇ ಇಲ್ಲ.

ದಯವಿಟ್ಟು ಬರೋ ಭಾನುವಾರಾನೇ ತಿದ್ದುಪಡಿ ಹಾಕಿ. ಮಕ್ಕಳಿಗೆ ರಜ ಶುರುವಾಗ್ತಿದೆ, ಹೊಸ ಟ್ಯಾಂಕ್ ತಗೊಳ್ಳೋರು ಜಾಸ್ತಿ ಇರೋದು ಈಗ್ಲೇ.

ಇಂತಿ,
ನಿಮ್ಮ ಓದುಗ, ವಿಜಯನಗರ, ಬೆಂಗಳೂರು