ಬಾರ್ ತೆರೆಯುವ ಮುಂಚೆ ಓದು

ಪ್ರೀತಿಯ ಚಿನ್ನು,

ಉಪನಗರದಲ್ಲಿ ನೀನು ತೆರೆಯಬೇಕೆಂದಿರುವ ಕಾಕ್‌ಟೇಲ್ ಬಾರಿನ ಪ್ಲಾನು, ಮೆನು, ಒಳಾಂಗಣದ ಚಿತ್ರ ಎಲ್ಲವನ್ನೂ ನಿಧಾನವಾಗಿ ನೋಡಿದೆ. ಚೆನ್ನಾಗಿದೆ. ಕಲ್ಲಿನ ಕೌಂಟರು, ಹಿತ್ತಾಳೆ ದೀಪ, ಗೋಡೆ ತುಂಬ ಬಾಟಲಿಯ ಸಾಲು, ನೋಡಿದವರು ಒಂದು ಫೋಟೋ ತೆಗೆದುಕೊಳ್ಳದೆ ಹೋಗುವುದಿಲ್ಲ. ಆದರೆ ಇಷ್ಟೆಲ್ಲ ಹಾಳೆಗಳಲ್ಲಿ ಒಂದು ಪ್ರಶ್ನೆಗೆ ಉತ್ತರ ಸಿಗಲಿಲ್ಲ. ಮಳೆ ಬರುವ ಒಂದು ಮಂಗಳವಾರ ರಾತ್ರಿ ಎಂಟು ಗಂಟೆಗೆ ಅಲ್ಲಿ ಯಾರು ಕೂತಿರುತ್ತಾರೆ?

ಇಷ್ಟು ವರ್ಷ ಹೋಟೆಲ್ಲು, ಬಾರುಗಳ ಲೆಕ್ಕಪುಸ್ತಕ ನೋಡಿದವನು ನಾನು, ಅದಕ್ಕೇ ಕೇಳುತ್ತಿದ್ದೇನೆ. ನಗರದ ನಡುವಿನ ಬಾರಿಗೆ ದಿನಾ ಹೊಸ ಮುಖ ಬರುತ್ತದೆ, ಪ್ರವಾಸಿಗರು, ಆಫೀಸಿನವರು, ದಾರಿಯಲ್ಲಿ ಹೋಗುತ್ತಾ ಬೋರ್ಡ್ ನೋಡಿ ಒಳಗೆ ಬಂದವರು. ಒಮ್ಮೆ ಬಂದವರು ಮತ್ತೆ ಬರದಿದ್ದರೂ ಅಲ್ಲಿ ನಡೆಯುತ್ತದೆ. ಉಪನಗರದಲ್ಲಿ ನಡೆಯಲ್ಲ. ಅಲ್ಲಿರುವುದು ಸುತ್ತಮುತ್ತಲ ಬಡಾವಣೆಯ ಜನ, ಅಷ್ಟೇ. ಹೊಸದು ಅಂತ ಮೊದಲ ಎರಡು ತಿಂಗಳಲ್ಲಿ ಎಲ್ಲರೂ ಒಂದು ಸಲ ಬಂದು ಹೋಗಿರುತ್ತಾರೆ. ಅಲ್ಲಿಂದಾಚೆ ನಿನ್ನ ಬಾಡಿಗೆ ಕಟ್ಟುವುದು ಮೂರನೇ ಸಲ, ಹತ್ತನೇ ಸಲ ಬರುವವರು. ನೀನು ಹಾಕುವ ಪ್ರತಿ ರೂಪಾಯಿಯನ್ನೂ ಅವರನ್ನು ನೆನೆದು ಹಾಕು ಅಂತ ನನ್ನ ಆಸೆ.

ಅಮೆರಿಕದ ಸಮಾಜಶಾಸ್ತ್ರಜ್ಞ ರೇ ಓಲ್ಡನ್‌ಬರ್ಗ್ 1989ರಲ್ಲಿ ಇದನ್ನೇ ಬರೆದರು. ಮನೆ ಒಂದು ಜಾಗ, ಕೆಲಸ ಇನ್ನೊಂದು, ಇವೆರಡೂ ಅಲ್ಲದ ಮೂರನೇ ಜಾಗವೊಂದು ಮನುಷ್ಯನಿಗೆ ಬೇಕು, ಸುಮ್ನೆ ಹೋಗಿ ಕೂತು ಮಾತಾಡೋಕೆ. ಅವರ ದೇಶದ ಉಪನಗರಗಳಲ್ಲಿ ಆ ಜಾಗವೇ ಇಲ್ಲವಾಗಿದೆ ಅನ್ನುವುದು ಅವರ ಕೊರಗಾಗಿತ್ತು. ನಿನ್ನ ಬಡಾವಣೆಯ ಜನರಿಗೂ ಅದೇ ಬೇಕಾಗಿರುವುದು ಅಲ್ವಾ? ಅದಕ್ಕೆ ಮುಖ್ಯವಾಗಿ ಬೇಕಾದದ್ದು ಎದುರು ಕೂತವರ ಮಾತು ಕೇಳಿಸುವುದು. ನಿನ್ನ ಚಿತ್ರದಲ್ಲಿ ನೆಲ ಕಲ್ಲು, ಗೋಡೆ ಗಾಜು, ಮೇಲೆ ಬರೀ ಕಾಂಕ್ರೀಟು. ಸದ್ದು ಎಲ್ಲ ಕಡೆಯಿಂದ ವಾಪಸ್ ಬರುತ್ತದೆ, ಒಂದು ಟೇಬಲ್ಲಿನವರು ದನಿ ಏರಿಸಿದರೆ ಪಕ್ಕದವರೂ ಏರಿಸುತ್ತಾರೆ, ಒಂಬತ್ತು ಗಂಟೆಗೆ ಎಲ್ಲರೂ ಕಿರುಚುತ್ತಿರುತ್ತಾರೆ. ಐವತ್ತು ದಾಟಿದವರು ಎರಡನೇ ಸಲ ಬರುವುದಿಲ್ಲ, ಕಾರಣವನ್ನೂ ಹೇಳುವುದಿಲ್ಲ. ಮೇಲ್ಛಾವಣಿಗೆ ಸದ್ದು ಹೀರುವ ಪ್ಯಾನೆಲ್, ಕಿಟಕಿಗೆ ದಪ್ಪ ಪರದೆ, ಟೇಬಲ್ಲಿನ ಅಡಿಗೂ ಒಂದು ಪದರ ದಪ್ಪ ಫೆಲ್ಟ್ ಬಟ್ಟೆ ಹಾಕಿಸು. ಹಿತ್ತಾಳೆ ದೀಪ ಎರಡು ಕಡಿಮೆಯಾದರೂ ಪರವಾಗಿಲ್ಲ.

ಹೊರಗಿನ ಸದ್ದು ಇನ್ನೂ ದೊಡ್ಡ ವಿಷಯ. ಸಾಷಾ ಪೆಟ್ರಾಸ್ಕೆ ಅನ್ನುವವರು 1999ರ ಡಿಸೆಂಬರ್ 31ರಂದು ನ್ಯೂಯಾರ್ಕಿನಲ್ಲಿ ಮಿಲ್ಕ್ ಆಂಡ್ ಹನಿ ಅಂತ ಒಂದು ಪುಟ್ಟ ಬಾರ್ ತೆರೆದರು. ಇವತ್ತಿನ ಕಾಕ್‌ಟೇಲ್ ಬಾರುಗಳು ಆ ಬಾರಿನಿಂದ ಕಲಿತದ್ದು ಬಹಳ. ಗ್ರಾಹಕರಿಗಾಗಿ ಅವರು ಬರೆದ ನಿಯಮಗಳಲ್ಲಿ ಒಂದರ ತಾತ್ಪರ್ಯ ಇಷ್ಟು: ಬೀಳ್ಕೊಡುಗೆಯ ಮಾತೆಲ್ಲ ಒಳಗೇ ಮುಗಿಸಿ, ಹೊರಗೆ ಹೋದ ಮೇಲೆ ಸದ್ದಿಲ್ಲದೆ ಹೊರಡಿ, ಅಕ್ಕಪಕ್ಕದವರು ಮಲಗಿರುತ್ತಾರೆ. ಅಂಥ ಗಿಜಿಗುಡುವ ನಗರದಲ್ಲೇ ಅವರು ಇಷ್ಟು ಯೋಚಿಸಿದ್ದರು ಅಂದಮೇಲೆ, ನಿನ್ನ ಹಿಂದಿನ ಗೋಡೆಗೆ ಅಂಟಿಕೊಂಡೇ ಮನೆಗಳಿವೆ, ನೀನು ಎಷ್ಟು ಯೋಚಿಸಬೇಕು ನೋಡು. ಬಾಗಿಲು ಒಂದರ ಹಿಂದೆ ಒಂದು ಎರಡಿರಲಿ. ಸ್ಪೀಕರನ್ನು ಆ ಗೋಡೆಗೆ ಬಿಗಿಯಬೇಡ, ಹಾಡಿನ ತಗ್ಗು ದನಿ, ಅಂದರೆ ಬೇಸ್, ಗೋಡೆಯೊಳಗಿಂದಲೇ ಹಾದುಹೋಗುತ್ತದೆ. ಖಾಲಿ ಬಾಟಲಿ ಚೀಲಗಳನ್ನು ರಾತ್ರಿ ಎಸೆಯದೆ ಬೆಳಗ್ಗೆ ಹೊರಹಾಕು. ತೆರೆಯುವ ಮುಂಚೆಯೇ ಆ ಮನೆಗಳ ಕದ ತಟ್ಟಿ, ನಿನ್ನ ಫೋನ್ ನಂಬರ್ ಕೊಟ್ಟು ಬಾ. ಲೈಸೆನ್ಸ್ ಅರ್ಜಿಗೆ ಅಕ್ಕಪಕ್ಕದವರ ಆಕ್ಷೇಪಣೆ ಕೇಳುವ ಊರುಗಳು ಎಷ್ಟೋ ಇವೆ. ನಿನ್ನನ್ನು ಮುಖತಃ ಕಂಡವರು ಮೊದಲು ನಿನಗೆ ಫೋನ್ ಮಾಡುತ್ತಾರೆ, ಕಾಣದವರು ನೇರ ದೂರು ಬರೆಯುತ್ತಾರೆ.

ಇನ್ನು ಮೆನು. ಇಪ್ಪತ್ತೆರಡು ಕಾಕ್‌ಟೇಲ್ ಜಾಸ್ತಿಯಾಯಿತು, ಹತ್ತು ಸಾಕು. ಗಡಿಯಾರ ಇಟ್ಟು ಲೆಕ್ಕ ಹಾಕು. ಒಂದು ಡ್ರಿಂಕಿಗೆ ನಾಲ್ಕು ನಿಮಿಷ ಹಿಡಿದರೆ, ಶನಿವಾರ ಎಂಟು ಗಂಟೆಗೆ ನಲವತ್ತು ಜನ ಒಟ್ಟಿಗೆ ಬಂದರೆ, ಇಬ್ಬರು ಬಾರ್‌ಟೆಂಡರ್ ಇದ್ದರೂ ಕೊನೆಯ ಗ್ಲಾಸು ಕೈಗೆ ಬರುವಾಗ ಒಂಬತ್ತು ಇಪ್ಪತ್ತು. ಅಷ್ಟು ಹೊತ್ತು ಯಾರು ಕಾಯುತ್ತಾರೆ? ನೆಗ್ರೋನಿಯಂಥದ್ದನ್ನು, ಅಂದರೆ ಜಿನ್, ಗಿಡಮೂಲಿಕೆಯ ವರ್ಮೂತ್, ಕಹಿ ಮದ್ಯ ಕಾಂಪಾರಿ ಮೂರೂ ಸಮಪಾಲು, ಮಧ್ಯಾಹ್ನವೇ ಬೆರೆಸಿ ಬಾಟಲಿಯಲ್ಲಿ ಇಡಬಹುದು. ನಿಂಬೆ ಇರುವುದನ್ನು ಹಾಗೆ ಇಡಬಾರದು. ನಿಂಬೆರಸ ಮರುದಿನಕ್ಕೆ ಜೀವ ಕಳೆದುಕೊಳ್ಳುತ್ತದೆ, ದಿನಾ ಹಿಂಡಿಸು. ಬಾರ್‌ಟೆಂಡರ್ ಡೇಲ್ ಡಿಗ್ರಾಫ್ 1987ರಿಂದ ನ್ಯೂಯಾರ್ಕಿನ ರೇನ್‌ಬೋ ರೂಮ್ ಬಾರಿನಲ್ಲಿ ಹೆಸರು ಮಾಡಿದ್ದೇ ಅಂಗಡಿಯ ಸಿದ್ಧ ಹುಳಿ ಮಿಕ್ಸ್ ಬಿಟ್ಟು ತಾಜಾ ರಸ ಹಿಂಡಿದ್ದರಿಂದ. ವರ್ಮೂತ್ ಕೂಡ ವೈನೇ, ತೆರೆದ ಮೇಲೆ ಫ್ರಿಜ್ಜಿಗೆ ಹೋಗಬೇಕು. ಕಪಾಟಿನ ಅಂದಕ್ಕೆ ಅಂತ ದೀಪದ ಕೆಳಗೆ ತಿಂಗಳುಗಟ್ಟಲೆ ನಿಲ್ಲಿಸಿದರೆ ಸಪ್ಪೆ ಹುಳಿಯಾಗುತ್ತದೆ, ಆಮೇಲೆ ಜಿನ್ ಎಷ್ಟು ಒಳ್ಳೆಯದಾದರೂ ಪ್ರಯೋಜನ ಇಲ್ಲ.

ಅಳತೆ ಗ್ಲಾಸ್ ಇಲ್ಲದೆ ಯಾರಿಗೂ ಸುರಿಯಲು ಬಿಡಬೇಡ, ಎಷ್ಟೇ ಪಳಗಿದ ಕೈ ಇರಲಿ. 750 ಮಿಲಿ ಬಾಟಲಿಯಲ್ಲಿ 60 ಮಿಲಿಯಂತೆ ಹನ್ನೆರಡು ಡ್ರಿಂಕ್ ಬರುತ್ತವೆ. ಕೈ ಜಾರಿ 70 ಆದರೆ ಹತ್ತೇ. ಬಾಟಲಿಗೆ ಎರಡು ಡ್ರಿಂಕ್ ಹೋಯಿತು, ಮೇಲೆ ರುಚಿಯೂ ಕೆಟ್ಟಿತು. ನಾನು ನೋಡಿದ ಬಾರುಗಳಲ್ಲಿ ಹಣ ಸೋರಿದ್ದು ಹೆಚ್ಚಾಗಿ ಹೀಗೇ, ಕಳ್ಳತನದಿಂದಲ್ಲ.

ಮಂಜುಗಡ್ಡೆಯ ಬಗ್ಗೆ ನಿನ್ನ ಪ್ಲಾನಿನಲ್ಲಿ ಒಂದು ಸಾಲೂ ಇಲ್ಲ, ಇದು ನನಗೆ ನಿಜಕ್ಕೂ ಚಿಂತೆ. ಚೆನ್ನಾಗಿ ಶೇಕ್ ಮಾಡಿದ ಡ್ರಿಂಕಿನಲ್ಲಿ ಹೆಚ್ಚುಕಮ್ಮಿ ಕಾಲು ಭಾಗ ಕರಗಿದ ನೀರೇ ಇರುತ್ತದೆ. ಆ ನೀರಿಗೆ ವಾಸನೆ ಇದ್ದರೆ ಎಲ್ಲ ಡ್ರಿಂಕಿಗೂ ಅದೇ ವಾಸನೆ. ಐಸ್ ಮೆಷಿನ್ನಿಗೆ ಫಿಲ್ಟರ್ ಬೇಕು, ಗಾಳಿಯಾಡಬೇಕು, ಕೆಳಗೆ ನೆಲದಲ್ಲಿ ನೀರು ಹೋಗುವ ಕಿಂಡಿ ಬೇಕು. ಕಲ್ಲು ಹಾಸಿದ ಮೇಲೆ ಕಿಂಡಿ ನೆನಪಾದರೆ ಎಲ್ಲವನ್ನೂ ಒಡೆಯಬೇಕಾಗುತ್ತದೆ. ಅಡುಗೆಮನೆಯ ಹೊಗೆ ಕೊಳವೆ ಛಾವಣಿವರೆಗೆ ಒಯ್ಯಲು ಕಟ್ಟಡದ ಮಾಲೀಕರ ಲಿಖಿತ ಒಪ್ಪಿಗೆಯೂ ಇರಲಿ. ಊಟದ ಮೆನು ಚಿಕ್ಕದಿರಲಿ, ಆದರೆ ಅಡುಗೆಮನೆ ಬಾರ್ ಮುಚ್ಚುವ ಅರ್ಧ ಗಂಟೆ ಮುಂಚಿನವರೆಗೂ ನಡೆಯಲಿ. ಹಸಿದ ಹೊಟ್ಟೆಯಲ್ಲಿ ಕುಡಿದವರನ್ನು ಸಂಭಾಳಿಸುವುದು ಕಷ್ಟ.

ಈಗ ನನಗೆ ಎಲ್ಲಕ್ಕಿಂತ ಮುಖ್ಯವಾದ ವಿಷಯ. ಉಪನಗರದಲ್ಲಿ ಜನ ಕಾರಿನಲ್ಲಿ ಬರುತ್ತಾರೆ. 40 ಶೇಕಡಾ ಮದ್ಯ 60 ಮಿಲಿ ಅಂದರೆ ಅದರಲ್ಲಿ ಸುಮಾರು 19 ಗ್ರಾಂ ಆಲ್ಕೋಹಾಲ್. ಅನೇಕ ದೇಶಗಳು 10 ಗ್ರಾಮನ್ನು ಒಂದು ಡ್ರಿಂಕ್ ಅಂತ ಎಣಿಸುತ್ತವೆ, ಹಾಗಾಗಿ ನಿನ್ನ ಒಂದು ಕಾಕ್‌ಟೇಲ್ ಎರಡಕ್ಕೆ ಸಮ. ಅದು ಮೈಯಿಂದ ಇಳಿಯಲು ಗಂಟೆಗಳೇ ಬೇಕು, ಕಾಫಿ ಕುಡಿದರೂ ತಣ್ಣೀರು ಮುಖಕ್ಕೆ ಎರಚಿದರೂ ಬೇಗ ಇಳಿಯಲ್ಲ. ನಿನ್ನ ಗ್ಲಾಸಿನಿಂದ ಕುಡಿದವನು ದಾರಿಯಲ್ಲಿ ಯಾರ ಮಗುವನ್ನಾದರೂ ಗುದ್ದಿದರೆ ಕಾನೂನು ಏನಾದರೂ ಹೇಳಲಿ, ನಿನಗೆ ನಿದ್ದೆ ಬರುತ್ತದಾ? ಅದಕ್ಕೇ ಹತ್ತರಲ್ಲಿ ಮೂರು ಡ್ರಿಂಕ್ ಹಗುರವಾಗಿರಲಿ, ಶೆರ್ರಿ ಅನ್ನುವ ವೈನು ಮತ್ತು ಸಿಹಿಯಿಲ್ಲದ ಡ್ರೈ ವರ್ಮೂತ್ ಸೇರಿಸುವ ಬ್ಯಾಂಬೂ ತರಹದ್ದು. ಇನ್ನು ಮೂರರಲ್ಲಿ ಮದ್ಯವೇ ಬೇಡ. ಅವನ್ನು ಮಕ್ಕಳ ಜ್ಯೂಸಿನ ಹಾಗೆ ಕೊನೆಯ ಪುಟಕ್ಕೆ ತಳ್ಳಬೇಡ. ಅದೇ ಗ್ಲಾಸು, ಅದೇ ಶ್ರದ್ಧೆ. ಆಗ ಕಾರು ಓಡಿಸುವವನೂ, ಗರ್ಭಿಣಿಯೂ, ಕುಡಿಯುವುದನ್ನು ಬಿಟ್ಟವನೂ ಗೆಳೆಯರ ಜೊತೆ ಬರಬಹುದು. ಟ್ಯಾಕ್ಸಿಯವರೊಂದಿಗೆ ಮೊದಲೇ ಮಾತಾಡಿಕೋ. ಇನ್ನು ಸಾಕು ಅಂತ ಗ್ರಾಹಕನಿಗೆ ಹೇಳಿದ ಹುಡುಗನ ಬೆನ್ನಿಗೆ ನೀನು ನಿಲ್ಲಬೇಕು, ಆ ಗ್ರಾಹಕ ಎಷ್ಟೇ ಖರ್ಚು ಮಾಡುವವನಾಗಿರಲಿ.

ನೀನೂ ನಿನ್ನ ಬಾರಿನಲ್ಲಿ ಕುಡಿಯಬೇಡ. ರುಚಿ ನೋಡು, ಉಗುಳು. ದಿನಾ ಬಂದವರೆಲ್ಲ ಮಾಲೀಕಿಗೆ ಒಂದು ಕುಡಿಸುತ್ತೇವೆ ಅನ್ನುತ್ತಾರೆ, ಪ್ರೀತಿಯಿಂದಲೇ. ಈ ಕಸುಬಿನಲ್ಲಿ ಒಳ್ಳೊಳ್ಳೆಯವರು ಹಾಗೆ ಮುಳುಗಿದ್ದನ್ನು ಕಣ್ಣಾರೆ ಕಂಡಿದ್ದೇನೆ.

ಹಣದ ಮಾತು ಚಿಕ್ಕದು. ನೂರು ರೂಪಾಯಿ ಬಂದರೆ ಸಾಮಾನು, ಸಂಬಳ ಎರಡೂ ಸೇರಿ ಅರವತ್ತರ ಆಸುಪಾಸಿನಲ್ಲಿ, ಬಾಡಿಗೆ ಹತ್ತರೊಳಗೆ ಇರಬೇಕು ಅನ್ನುವುದು ಈ ಕಸುಬಿನವರ ವಾಡಿಕೆ ಲೆಕ್ಕ. ನಿನ್ನ ಹಾಳೆಯಲ್ಲಿ ಬಾಡಿಗೆಯೇ ಹದಿನೇಳು. ಆ ಲೆಕ್ಕವೂ ಎಲ್ಲ ದಿನ ಶನಿವಾರ ಅಂದುಕೊಂಡು ಹಾಕಿದ್ದು. ಮಂಗಳವಾರದ ಲೆಕ್ಕ ಹಾಕಿ ಮತ್ತೆ ಮಾಡು. ಆರು ತಿಂಗಳ ಬಾಡಿಗೆ, ಸಂಬಳ ಬೇರೆ ಖಾತೆಯಲ್ಲಿ ಎತ್ತಿಡು, ಅದನ್ನು ಸೋಫಾಗೆ ಮುಟ್ಟಬೇಡ. ಅಮ್ಮನ ಮನೆ ಅಡ ಇಡುವ ಮಾತು ನನ್ನ ಕಿವಿಗೆ ಬಿದ್ದಿದೆ. ಬೇಡ. ಕಡಿಮೆ ಬಿದ್ದರೆ ಇಪ್ಪತ್ತು ಕುರ್ಚಿ ಕಡಿಮೆ ಹಾಕಿ ಚಿಕ್ಕದಾಗಿ ಶುರು ಮಾಡು.

ಲೈಸೆನ್ಸ್ ಸಿಗದಿದ್ದರೆ ಮುಂಗಡ ವಾಪಸ್, ಕರಾರು ರದ್ದು ಅನ್ನುವ ಷರತ್ತು ಲೀಸಿನಲ್ಲಿ ಬರಲೇಬೇಕು. ಮಾಲೀಕರು ಒಪ್ಪದಿದ್ದರೆ ಆ ಜಾಗ ಬಿಟ್ಟುಬಿಡು, ಎಷ್ಟೇ ಚಂದ ಇದ್ದರೂ. ಕರಡು ಕೈಗೆ ಬಂದ ಕೂಡಲೇ ನನಗೆ ಕಳಿಸು, ಸಹಿ ಹಾಕುವ ಮುಂಚೆ. ಅಷ್ಟರೊಳಗೆ ಒಂದು ಮಂಗಳವಾರ, ಒಂದು ಶುಕ್ರವಾರ ಆ ಬೀದಿಯಲ್ಲಿ ಸಂಜೆ ಆರರಿಂದ ಹನ್ನೊಂದರವರೆಗೆ ನಿಂತು, ಎಷ್ಟು ಜನ ನಡೆದು ಹೋದರು, ಎಷ್ಟು ಕಾರು ನಿಂತವು ಅಂತ ಬರೆದುಕೊಂಡು ಅದನ್ನೂ ಕಳಿಸು. ಭಾನುವಾರ ಫೋನ್ ಮಾಡುತ್ತೇನೆ.

ಪ್ರೀತಿಯಿಂದ,
ನಿನ್ನ ಮಾವ