ಅಂಗಳದ ನಲ್ಲಿ ಸೋರುತ್ತಿದ್ದರೆ

ಎಲ್ಲರಿಗೂ ನಮಸ್ಕಾರ. ಹಾಸನದಲ್ಲಿ ಮಳೆ ಹಿಡಿದ ಮೇಲೆ ಅಂಗಳವೆಲ್ಲ ಒದ್ದೆ, ನಲ್ಲಿ ಸೋರುವುದು ಗೊತ್ತೇ ಆಗುವುದಿಲ್ಲ. ಈಗಲೇ ನೋಡಿಕೊಳ್ಳಿ.

ಪೂರ್ತಿ ಮುಚ್ಚಿದರೂ ಮೂತಿಯಿಂದ ತೊಟ್ಟಿಕ್ಕಿದರೆ ಒಳಗಿನ ರಬ್ಬರ್ ಬಿಲ್ಲೆ, ಅಂದರೆ ವಾಷರ್, ಸವೆದಿದೆ. ಹಿಡಿಯ ಬುಡದಲ್ಲಿ ಜಿನುಗಿದರೆ ಅಲ್ಲಿನ ನಟ್ಟನ್ನು ಕಾಲು ಸುತ್ತು ಬಿಗಿ ಮಾಡಿ, ಬಹಳ ಸಲ ಅಷ್ಟೇ ಸಾಕು. ಗೋಡೆ ಹತ್ತಿರ ಒದ್ದೆಯಾದರೆ ಥ್ರೆಡ್‌ನ ಟೇಪ್ (ತಿರುಪಿನ ಗೆರೆಗಳಿಗೆ ಸುತ್ತುವ ತೆಳು ಬಿಳಿ ಪಟ್ಟಿ) ಹೋಗಿದೆ. ಹೊರಗಿನಿಂದ ಅಂಟು ಮೆತ್ತುವುದು ದಂಡ.

ಕೆಲಸಕ್ಕೆ ಮುಂಚೆ ಟ್ಯಾಂಕಿನ ಗೇಟ್ ವಾಲ್ವ್ ಮುಚ್ಚಿ, ಪೈಪಿನ ನೀರು ಖಾಲಿ ಮಾಡಿ. ಹಳೇ ಹಿತ್ತಾಳೆ ನಲ್ಲಿಗೆ ಅರ್ಧ ಇಂಚಿನ ವಾಷರ್ ಹಾಕಿ. ವಾಷರ್ ಕೂರುವ ಜಾಗದಲ್ಲೇ ಗೀರು ಬಿದ್ದಿದ್ದರೆ ಹೊಸದೂ ನಿಲ್ಲುವುದಿಲ್ಲ, ನಲ್ಲಿಯನ್ನೇ ಬದಲಿಸಿ. ಕಾಲು ಸುತ್ತಿಗೆ ತೆರೆಯುವ ನಲ್ಲಿಗಾದರೆ ಒಳಗಿನ ಸ್ಪಿಂಡಲ್ (ಹಿಡಿಯ ಜೊತೆ ತಿರುಗಿ ನೀರು ಬಿಡುವ, ನಿಲ್ಲಿಸುವ ಭಾಗ) ಬದಲಿಸಬೇಕು. ಹಳೆಯದನ್ನು ಅಂಗಡಿಗೆ ಒಯ್ಯಿರಿ, ಕಂಪನಿಯಿಂದ ಕಂಪನಿಗೆ ಅಳತೆ ಬೇರೆ.

ಹೊಸ ನಲ್ಲಿ ಕೂರಿಸುವಾಗ ತಪ್ಪಾಗುವುದು ಟೇಪಿನಲ್ಲೇ. ಥ್ರೆಡ್ ತುದಿ ನಿಮ್ಮ ಕಡೆಗಿರಲಿ, ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೆ ಎಳೆದು 10-12 ಸುತ್ತು ಸುತ್ತಿ. ಉಲ್ಟಾ ಸುತ್ತಿದರೆ ತಿರುಗಿಸುವಾಗಲೇ ಬಿಚ್ಚಿಕೊಳ್ಳುತ್ತದೆ. ಗೋಡೆಯೊಳಗಿನ ಹಳೇ ಟೇಪ್, ತುಕ್ಕು ಕೆರೆದು ತೆಗೆಯಿರಿ. ಕೈಯಲ್ಲಿ ಬಿಗಿಸಿ, ಆಮೇಲೆ ಪಾನಾದಲ್ಲಿ ಸುಮಾರು ಒಂದು ಸುತ್ತು. ಒಳಗಿರುವುದು ಪ್ಲಾಸ್ಟಿಕ್ ಎಲ್ಬೋ (ಪೈಪಿನ ಬಾಗಿದ ಜೋಡಣೆ) ಆದರೆ ಜೋರು ಬೇಡವೇ ಬೇಡ. ಸೀಳಿದರೆ ಗೋಡೆ ಒಡೆಯಬೇಕಾಗುತ್ತದೆ. ಮೂತಿ ನೇರಕ್ಕೆ ಬರಲಿಲ್ಲವೆಂದು ಹಿಂದಕ್ಕೆ ತಿರುಗಿಸಬೇಡಿ, ಟೇಪ್ ಸಡಿಲವಾಗಿ ಸೋರುತ್ತದೆ. ಪೂರ್ತಿ ಬಿಚ್ಚಿ, ಎರಡು ಸುತ್ತು ಹೆಚ್ಚು-ಕಡಿಮೆ ಮಾಡಿ ಹೊಸ ಟೇಪ್ ಹಾಕಿ.

ವಾಲ್ವ್ ನಿಧಾನಕ್ಕೆ ತೆರೆದು, ಸ್ವಲ್ಪ ಹೊತ್ತು ಬಿಟ್ಟು ಒಣ ಕಾಗದ ಒತ್ತಿ ನೋಡಿ.