ಮಗಳಿಗೊಂದು ಪತ್ರ: 'ಬ್ಯಾಡ' ಅಂತರ ಬರಿ

ಬೆಟಗೇರಿ, ಮಂಗಳವಾರ

ಚಿ. ಸುಧಾಗ ನಿಮ್ಮಪ್ಪನ ಆಶೀರ್ವಾದ.

ನಿನ್ನ ರೂಮಿನ ಹುಡುಗಿಗೆ ಫೋನ್ ಹಚ್ಚಿದ್ದಕ್ಕ ನಿನಗ ಸಿಟ್ಟು ಬಂದೈತಿ. ಬರಲಿ. ಹಾಸ್ಟೆಲಿನಾಗ ಎಲ್ಲಾರ ಮುಂದ ನಾಚಿಕಿ ಆತು ಅಂದಿ, ಖರೇನ. ಆದ್ರ ಮೆಸೇಜಿಗೆ ನೀಲಿ ಟಿಕ್ ಬೀಳತಿತ್ತು, ಉತ್ತರ ಬರವಲ್ದಾಗಿತ್ತು. ನಾ ಏನ್ ಮಾಡ್ಲಿ?

ನೀ ಮೂರನೇ ಇಯತ್ತೆ ಇದ್ದಾಗ ಸಾಲ್ಯಾಗ ಬಿದ್ದು ಬಂದಿದ್ದಿ. ಯಾರ ಮುಂದೂ ಬಾಯಿ ಬಿಡಲಿಲ್ಲ. ರಾತ್ರಿ ಊಟಕ್ಕ ಕುಂತಾಗ ಎಡಗೈಲೆ ರೊಟ್ಟಿ ಮುರಿಯಾಕ ಹತ್ತಿದಿ. 'ಬಲಗೈಗೆ ಏನ್ ಧಾಡಿ?' ಅಂತ ಗದರಿದೆ. ನೀ ಸುಮ್ಮನ ಎಡಗೈಲೇನ ಪುಂಡಿಪಲ್ಯ ತಗೊಂಡಿ. ಲಂಗದ ಮಡಿಕ್ಯಾಗ ಮುಚ್ಚಿಟ್ಟ ಕೈ ನಿಮ್ಮವ್ವ ಎಳದು ನೋಡಿದ್ರ ಮಣಿಕಟ್ಟು ಬಾತು ಬದನಿಕಾಯಿ ಆಗಿತ್ತು. ಎಲುಬು ಬಿರುಕು ಬಿಟ್ಟೈತಿ ಅಂದ್ರು ಡಾಕ್ಟ್ರು. ಮುಂಜಾನೆ ಪ್ರಾರ್ಥನಾ ಹೊತ್ತಿನಾಗ ಬಿದ್ದಾಕಿ ರಾತ್ರಿತನಕ ತಡಕೊಂಡಿದ್ದಿ! ಯಾಕ ಹೇಳಲಿಲ್ಲಂದ್ರ, 'ನೀವು ಕೇಳಲೇ ಇಲ್ಲ' ಅಂದಿ. ಕೇಳಿದ್ನೆಲ್ಲ? ಗದರಿ ಕೇಳಿದ್ದು ಕೇಳಿಧಂಗ ಅಲ್ಲೇನೋ. ಈಗ ನೀ ಫೋನ್ ಎತ್ತದಿದ್ರ ನನಗ ಲಂಗದಾಗಿನ ಆ ಕೈನ ಕಣ್ಣಿಗೆ ಕಟ್ಟತೈತಿ.

ನಿನ್ನ ಸ್ವಭಾವಕ್ಕ ನಾ ಹೆಸರಿಡೂದಿಲ್ಲ. ನಾವು ಮಗ್ಗದ ಸಪ್ಪಳದಾಗ ಒದರಿ ಮಾತಾಡಿ ಬೆಳದವರು. ನೀ ಅದ ಸಪ್ಪಳದಾಗ ಮೂಲ್ಯಾಗ ಕುಂತು ಓದಿ ಕರ್ನಾಟಕ ಕಾಲೇಜು ಸೇರಿದಾಕಿ. 1917ರ ಕಾಲೇಜು ಅಂತ ಓಣಿಗೆಲ್ಲಾ ಹೇಳಿ ಮುಗಿಸೀನಿ, ಈಗ ಬೀಗರಿಗೆ ಹೇಳಾಕ ಹತ್ತೀನಿ. ಗೆಳತ್ಯಾರು ಒಬ್ಬಿಬ್ಬರಿದ್ರ ಸಾಕು. ಆದ್ರ ಮಾಸ್ತರ್ ಹತ್ರರ ಎದ್ದು ನಿಂತು ಡೌಟ್ ಕೇಳಬೇಕವ್ವ, ಬಾಯಿದ್ದಾಕಿ ಬರಗಾಲದಾಗೂ ಬದುಕಿದಳಂತ... ಇರಲಿ, ಇದನ್ನ ಹೇಳಬಾರದು ಅಂತನ ಬರಿಯಾಕ ಕುಂತಿದ್ದೆ.

ಸುಮ್ಮನಿರೂದು ಬ್ಯಾರೆ, ಊಟ-ನಿದ್ದಿ ಬಿಟ್ಟು ಸುಮ್ಮನಾಗೂದು ಬ್ಯಾರೆ. ಹಂಗೇನರ ಆಗಿ ನಮಗ ಹೇಳಾಕ ಬಾಯಿ ಬರಲಿಲ್ಲಂದ್ರ 14416ಕ್ಕ ಹಚ್ಚು. ಟೆಲಿ ಮಾನಸ್ ಅಂತ, ಮನಸ್ಸಿನ ತ್ರಾಸು ಹೇಳಿಕೊಳ್ಳಾಕ ಇರೂ ಸಹಾಯವಾಣಿ, ಸರ್ಕಾರದ್ದು. ಹಗಲು-ರಾತ್ರಿ ಇರ್ತಾರ, ಕನ್ನಡದಾಗ ಮಾತಾಡ್ತಾರ, ರೊಕ್ಕ ತಗೊಳ್ಳೂದಿಲ್ಲ. ನಂಬರ್ ಸೇವ್ ಮಾಡಿಕೋ. ನಿನಗೇನೋ ಆಗೈತಿ ಅಂತ ಅಲ್ಲ ಮತ್ತ.

ಫೋನಿನಾಗ ಮಾತಾಡಾಕ ಬ್ಯಾಸರಂದ್ರ ಬ್ಯಾಡ. ಉಣ್ಣೂ ಮುಂದ ತಾಟಿನ ಫೋಟೋ ಹಾಕು, ನಾ ತಿಳ್ಕೊತೀನಿ. ಇನ್ನ ಮ್ಯಾಲೆ ಆ ಹುಡುಗಿಗೆ ಹಚ್ಚೂದಿಲ್ಲ. ನಿಮ್ಮವ್ವನ ಜವಾಬ್ದಾರಿ ಮಾತ್ರ ನಾ ತಗೊಳ್ಳೂದಿಲ್ಲ.

ಶನಿವಾರ ಹುಬ್ಬಳ್ಯಾಗ ಕೆಲಸ ಐತಿ. ಮುಗಿಸಿ ಚಿಗರಿ ಬಸ್ ಹತ್ತಿ ಧಾರವಾಡಕ್ಕ ಬರಬೇಕಂತ ಮಾಡೀನಿ. ಶೇಂಗಾ ಹಿಂಡಿ, ಖಟಕ್ ರೊಟ್ಟಿ ಗೇಟಿನಾಗ ಕೊಟ್ಟು ಹೊಳ್ಳತೀನಿ, ಮಾತಾಡಾಕ ಹಚ್ಚೂದಿಲ್ಲ. ಬರೂದು ಬ್ಯಾಡಂದ್ರ 'ಬ್ಯಾಡ' ಅಂತರ ಬರಿ.

ನಿಮ್ಮಪ್ಪ